ನಿಂತು ಮಾಡುವ ಅಡುಗೆ, ಕೂತು ಮಾಡುವ ಸಾಮಾನು

ಮಗಳೋ ಸೊಸೆಯೋ ಮುಂಬಯಿ, ಪುಣೆಗಳಲ್ಲಿ ಸಂಸಾರ ಹೂಡಲು ಹೊರಟರೆ ನಮ್ಮ ಮಲೆನಾಡಿನ ಕಡೆ ಒಂದು ಗೋಣಿಚೀಲ ಪಾತ್ರೆ ಕಟ್ಟಿಕೊಡುವ ಪದ್ಧತಿ ಇನ್ನೂ ಇದೆ. ಆ ಚೀಲದಲ್ಲಿ ಪ್ರೀತಿ ಇರುವಷ್ಟು ಯೋಚನೆ ಇರುವುದಿಲ್ಲ ಎನ್ನುವುದು ನನ್ನ ಹಳೇ ತಕರಾರು. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಕನ್ನಡದವರ ನಾಲ್ಕು ಮನೆಗಳಿವೆ. ನಾಲ್ಕೂ ಮನೆಗಳ ಲಾಫ್ಟಿನಲ್ಲಿ ಹೀಗೆ ಬಂದ ಹಿತ್ತಾಳೆ, ಕಬ್ಬಿಣ, ಮರದ ಸಾಮಾನುಗಳು ಹಳೆಯ ಸೀರೆ ಸುತ್ತಿಕೊಂಡು ಮಲಗಿವೆ. ಕೊಟ್ಟವರಿಗೆ ಬೇಜಾರಾದೀತೆಂದು ಯಾರೂ ಮಾರುವುದಿಲ್ಲ, ಬಳಸುವುದೂ ಇಲ್ಲ. ಓದಿದ ಕಾದಂಬರಿಗೆ, ನೋಡಿದ ನಾಟಕಕ್ಕೆ ವಿಮರ್ಶೆ ಬರೆಯುವ ನಾವು ದಿನಕ್ಕೆ ಮೂರು ಹೊತ್ತು ಕೈಗೆ ಬರುವ ಸಾಮಾನನ್ನು ಮಾತ್ರ ವಿಮರ್ಶೆ ಮಾಡದೆ ಬಿಡುವುದೇಕೋ ಗೊತ್ತಿಲ್ಲ.

ಮೊದಲು ಒಂದು ವಿಷಯ ಊರಿನವರಿಗೆ ತಿಳಿಯಬೇಕು. ಇಲ್ಲಿಯದು ನಿಂತು ಮಾಡುವ ಅಡುಗೆ. ಮರಾಠಿಯವರು ಓಟಾ ಎನ್ನುವ ಕಲ್ಲಿನ ಕಟ್ಟೆ ಸೊಂಟದ ಎತ್ತರಕ್ಕಿರುತ್ತದೆ. ಅದರ ಮೇಲೆ ಒಲೆ, ಒಂದು ಕೊನೆಗೆ ಸಿಂಕು, ಕೆಳಗೆ ಸಿಲಿಂಡರು. ನೆಲದ ಮೇಲೆ ಒಬ್ಬರು ಕಾಲು ಚಾಚಿ ಕೂತರೆ ಇನ್ನೊಬ್ಬರು ದಾಟಿ ಹೋಗುವ ಹಾಗಿಲ್ಲ. ನಮ್ಮ ಈಳಿಗೆಮಣೆ, ತುರಿಮಣೆ, ಒರಳು, ಮಜ್ಜಿಗೆಯ ಕಡಗೋಲು ಇವೆಲ್ಲ ಕೂತವರಿಗೆಂದು ಹುಟ್ಟಿದ ಸಾಮಾನುಗಳು. ಅವುಗಳ ಅರ್ಧ ಶಕ್ತಿ ಕೂತವರ ಮೈಭಾರದಲ್ಲಿದೆ.

ಈಳಿಗೆಮಣೆಯನ್ನೇ ನೋಡಿ. ಕರಾವಳಿಯವರು ಅದನ್ನು ಮೆಟ್ಟುಗತ್ತಿ ಎನ್ನುತ್ತಾರೆ. ಹೆಸರಿನಲ್ಲೇ ಮೆಟ್ಟುವುದಿದೆ. ಕಾಲು ಮಣೆಯನ್ನು ಹಿಡಿಯುತ್ತದೆ, ಅಲುಗು ಕದಲದೆ ನಿಲ್ಲುತ್ತದೆ, ಎರಡು ಕೈಯೂ ತರಕಾರಿಗೆ ಸಿಗುತ್ತವೆ. ಸುವರ್ಣಗಡ್ಡೆ, ಎಳೆ ಹಲಸಿನಕಾಯಿ ಹೆಚ್ಚುವುದಕ್ಕೆ ಇದಕ್ಕಿಂತ ಜಾಣ ಸಾಮಾನು ನಾನು ಕಂಡಿಲ್ಲ. ಆದರೆ ಕಟ್ಟೆಯ ಮೇಲಿಟ್ಟರೆ ಮೆಟ್ಟುವ ಕಾಲೆಲ್ಲಿ? ಜಾರುತ್ತದೆ, ಬೆರಳು ಕೊಯ್ಯುತ್ತದೆ. ಮಹಾರಾಷ್ಟ್ರದ ವಿಳಿ ನಮ್ಮ ಈಳಿಗೆಯ ದಾಯಾದಿಯೇ. ಅಲುಗನ್ನು ಮಡಚಿಡುವಂಥದ್ದು, ತುದಿಯಲ್ಲಿ ಕಾಯಿ ತುರಿಯುವ ಹಲ್ಲಿರುವಂಥದ್ದು ಇಲ್ಲಿನ ಪಾತ್ರೆ ಅಂಗಡಿಗಳಲ್ಲಿ ಸಿಗುತ್ತದೆ. ಡ್ರಾಯರಿನಲ್ಲಿ ಹಿಡಿಯುತ್ತದೆ, ಮಕ್ಕಳಿರುವ ಮನೆಗೆ ಕ್ಷೇಮ. ಊರಿನಿಂದ ಮಣ ಭಾರದ್ದನ್ನು ಹೊತ್ತು ತರುವ ಬದಲು ಇದನ್ನು ಕೊಳ್ಳಿ ಎಂದು ಧೈರ್ಯವಾಗಿ ಹೇಳುತ್ತೇನೆ. ಭಾನುವಾರ ಹಾಲಿನಲ್ಲಿ ಪೇಪರ್ ಹಾಸಿ, ಟೀವಿ ನೋಡುತ್ತಾ ಹುರುಳಿಕಾಯಿ ಹೆಚ್ಚಲು, ವಾರದ ಕಾಯಿ ತುರಿದಿಡಲು ಇದು ಸಾಕು. ದಿನದ ಈರುಳ್ಳಿ-ಟೊಮೆಟೊಗೆ ಒಂದು ಒಳ್ಳೆ ಚಾಕು, ಒಂದು ಮರದ ಹಲಗೆ. ಹತ್ತು ಬಗೆಯ ಅಲುಗುಗಳ ಪೆಟ್ಟಿಗೆಯನ್ನು ದಯವಿಟ್ಟು ಉಡುಗೊರೆ ಕೊಡಬೇಡಿ, ಅದನ್ನು ತೊಳೆಯುವುದೇ ಒಂದು ಅಡುಗೆ.

ಹಿಡಿ ತಿರುಗಿಸಿ ಕಾಯಿ ತುರಿಯುವ ಯಂತ್ರದ್ದು ಬೇರೆ ಕತೆ. ಅಡಿಯಲ್ಲಿರುವ ರಬ್ಬರು ನಯವಾದ ಗ್ರಾನೈಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹಳೇ ಕಟ್ಟಡಗಳ ತರಿತರಿ ಕಲ್ಲಿನ ಮೇಲೆ ಎರಡು ಸುತ್ತಿಗೆ ಕಳಚಿಕೊಳ್ಳುತ್ತದೆ. ಕೊಳ್ಳುವ ಮೊದಲು ಸಾಮಾನನ್ನು ಮಾತ್ರವಲ್ಲ, ನಿಮ್ಮ ಕಟ್ಟೆಯನ್ನೂ ಮುಟ್ಟಿ ನೋಡಿ.

ಇನ್ನು ರುಬ್ಬುವುದು. ಹೊರನಾಡಿನ ಸಂಸಾರಗಳಲ್ಲಿ ಅತಿ ಹೆಚ್ಚು ಚರ್ಚೆಯಾಗುವುದು ಇದೇ. ನಮ್ಮ ಮಿಕ್ಸಿ ಒಂದು ರೀತಿಯಲ್ಲಿ ಈ ಊರಿನದೇ ಕೂಸು. ವಿದೇಶಿ ಬ್ಲೆಂಡರುಗಳ ಮೋಟಾರು ನಮ್ಮ ಒಣ ಮಸಾಲೆ, ಗಟ್ಟಿ ಚಟ್ನಿಗಳ ಎದುರು ಸುಟ್ಟುಹೋಗುತ್ತಿದ್ದಾಗ, ಮುಂಬಯಿಯಲ್ಲಿ ಎಂಜಿನಿಯರಾಗಿದ್ದ ಸತ್ಯಪ್ರಕಾಶ ಮಾಥುರ್ ಅವರು 1960ರ ದಶಕದಲ್ಲಿ ನಮ್ಮ ಅಡುಗೆಗೆ ತಡೆಯುವ ಮೋಟಾರು ಮಾಡಿ ಸುಮೀತ್ ಮಿಕ್ಸಿ ತಂದರು. ನನ್ನ ದೃಷ್ಟಿಯಲ್ಲಿ ಅಡುಗೆಮನೆಯ ದೊಡ್ಡ ಸಂಶೋಧನೆ ಅದು. ಚಟ್ನಿಗೆ, ಸಾಂಬಾರಿನ ಮಸಾಲೆಗೆ ಅದರ ಮುಂದೆ ಬೇರೆ ಬೇಕಿಲ್ಲ. ದೋಸೆ ಹಿಟ್ಟಿಗೆ ಮಾತ್ರ ಸೋಲುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬ್ಲೇಡಿಗೆ ಉದ್ದಿನಹಿಟ್ಟು ಬಿಸಿಯಾಗುತ್ತದೆ, ಉಬ್ಬುವುದಿಲ್ಲ. ಫ್ರಿಜ್ಜಿನ ತಣ್ಣೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ರುಬ್ಬಿದರೆ ಸುಮಾರಾಗಿ ಬರುತ್ತದೆ.

ಗ್ರೈಂಡರಿನ ಕಲ್ಲು ನಿಧಾನವಾಗಿ ಹೊರಳುತ್ತದೆ, ಹಿಟ್ಟು ಬೆಣ್ಣೆಯ ಹಾಗೆ ಬರುತ್ತದೆ. ಇದು ಕೊಯಮತ್ತೂರಿನ ಕೊಡುಗೆ, ಅಲ್ಲಿನ ಗ್ರೈಂಡರಿಗೆ ಭೌಗೋಳಿಕ ಗುರುತೂ ಸಿಕ್ಕಿದೆ. ತಮಿಳುನಾಡಿನಲ್ಲಿ 2011ರಲ್ಲಿ ಸರ್ಕಾರವೇ ಮಿಕ್ಸಿ, ಗ್ರೈಂಡರು, ಫ್ಯಾನುಗಳನ್ನು ಪುಕ್ಕಟೆ ಹಂಚಲು ಶುರುಮಾಡಿತು ಅಂದರೆ ಅಲ್ಲಿ ಅದಕ್ಕೆ ಎಂಥ ಸ್ಥಾನ ನೋಡಿ. ಚೆನ್ನೈಯಲ್ಲಿರುವ ಕನ್ನಡಿಗರು ಕಣ್ಣುಮುಚ್ಚಿ ಕೊಳ್ಳಬಹುದು, ರಿಪೇರಿಯವನು ಹತ್ತಿರವೇ ಸಿಗುತ್ತಾನೆ. ದಿಲ್ಲಿಯಲ್ಲಿರುವ ನನ್ನ ತಂಗಿಯ ಗ್ರೈಂಡರಿನ ಬೆಲ್ಟು ಹರಿದಾಗ, ಹೊಸತು ಸಿಕ್ಕಿದ್ದು ರಜಕ್ಕೆ ಊರಿಗೆ ಬಂದಾಗಲೇ. ಅಲ್ಲಿವರೆಗೆ ಆರು ತಿಂಗಳು ಅದು ಹೂವಿನ ಕುಂಡ ಇಡುವ ಪೀಠವಾಗಿತ್ತು. ಮುಂಬಯಿಯಲ್ಲಂತೂ ಹನ್ನೊಂದು ತಿಂಗಳ ಕರಾರಿನ ಮೇಲೆ ಮನೆ ಬದಲಿಸುತ್ತಾ ಹೋಗುವ ಗಂಡ-ಹೆಂಡಿರಿಗೆ ಆ ಕಲ್ಲು ಇನ್ನೊಬ್ಬ ಬಾಡಿಗೆದಾರನೇ ಸರಿ. ಅದನ್ನು ಎತ್ತುವವರು ಯಾರು, ಪುಟ್ಟ ಸಿಂಕಿನಲ್ಲಿ ತೊಳೆಯುವವರು ಯಾರು ಎಂದು ಅಂಗಡಿಯವನು ಕೇಳುವುದಿಲ್ಲ. ಕೊಡಿಸುವ ಗಂಡಂದಿರೂ ಕೇಳುವುದಿಲ್ಲ. ಮನೆಯಲ್ಲಿ ನಾಲ್ಕು ಜನರಿದ್ದು ವಾರಕ್ಕೆರಡು ಸಲ ದೋಸೆ-ಇಡ್ಲಿಯಾದರೆ ಕೊಳ್ಳಿ, ಇಲ್ಲದಿದ್ದರೆ ಮಾಟುಂಗದ ಕಡೆ ಹೋದಾಗ ಹಿಟ್ಟನ್ನೇ ತನ್ನಿ.

ಕುಕ್ಕರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮ ಗಲ್ಲಿಯ ಅಂಗಡಿಯಲ್ಲಿ ಯಾವುದರ ಗ್ಯಾಸ್ಕೆಟ್ ಸಿಗುತ್ತದೋ ಅದೇ ಒಳ್ಳೇ ಕುಕ್ಕರು.

ಊರಿನಿಂದ ಕಳಿಸಲೇಬೇಕಾದ್ದು ಕಾವಲಿ. ಹೊಸತಲ್ಲ ಮಾರಾಯ್ರೆ, ನೀವು ಬಳಸಿದ್ದು. ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಗೆ ಹೊಳೆಯುವ ಕಬ್ಬಿಣದ ಕಾವಲಿಯಿಂದ ದೋಸೆ ತಾನಾಗಿ ಏಳುತ್ತದೆ. ನಾನ್‌ಸ್ಟಿಕ್ ಮೊದಲ ವರ್ಷ ಅದಕ್ಕಿಂತ ಸಲೀಸು, ನಿಜ. ಆದರೆ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಲೇಪ ಕೆಡತೊಡಗುತ್ತದೆ. ಖಾಲಿ ಕಾವಲಿಯನ್ನು ದೊಡ್ಡ ಉರಿಯಲ್ಲಿ ಮರೆತರೆ ಅಷ್ಟು ಕಾಯಲು ಕೆಲವೇ ನಿಮಿಷ ಸಾಕು. ಇಷ್ಟಕ್ಕೂ ದೋಸೆಗೆ ಬೇಕಾದ್ದೇ ಜೋರು ಕಾವು. ಮೂರು ಕಿಲೋ ಭಾರವಾದರೂ ಇದು ಹೊತ್ತು ತರಲು ತಕ್ಕದ್ದು. ಇದರ ಜೊತೆಗೆ ಮುದ್ದೆ ತಿರುವುವ ಕೋಲನ್ನೂ ಹಾಕಿ. ಡೊಂಬಿವಲಿಯಲ್ಲಿ ಹುಡುಕಿದರೆ ಲಟ್ಟಣಿಗೆ ಕೈಗೆ ಕೊಡುತ್ತಾರೆ.

ಇಷ್ಟು ಹೊತ್ತು ಜಾಗ, ಭಾರ, ರಿಪೇರಿ ಎಂದು ಲೆಕ್ಕ ಹಾಕಿದೆ. ಈ ಲೆಕ್ಕಕ್ಕೆ ಸಿಗದ ಸಾಮಾನು ಒಂದಿದೆ: ಮೂರು ಕಾಲಿನ, ಮೇಲೆ ಹಿಡಿ ತಿರುಗಿಸುವ ಶ್ಯಾವಿಗೆ ಒರಳು. ವರ್ಷಕ್ಕೆ ಆರೇಳು ಸಲದ ಕೆಲಸ, ಭಾರ ಬೇಕಾದಷ್ಟು, ಇಡಲು ಮೂಲೆಯಿಲ್ಲ. ನನ್ನ ಲೆಕ್ಕದಂತೆ ಮೊದಲು ಹೊರಗೆ ಹೋಗಬೇಕಾದ್ದು ಅದೇ. ಆದರೆ ಬೆಂದ ಅಕ್ಕಿಹಿಟ್ಟಿನ ಬಿಸಿ ಉಂಡೆಯನ್ನು ಚಕ್ಕುಲಿ ಒತ್ತುವ ಸಣ್ಣ ಸಾಮಾನಿಗೆ ತುಂಬಿದರೆ ಅದರ ಹಿಡಿಯೇ ಬಾಗುತ್ತದೆ. ಒರಳು ಹೋದರೆ ಒತ್ತು ಶ್ಯಾವಿಗೆಯೂ ಹೋಗುತ್ತದೆ, ಅದರ ಜೊತೆಗಿನ ಕಾಯಿಹಾಲೂ ಹೋಗುತ್ತದೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಶ್ಯಾವಿಗೆ ಅಂದರೆ ಪಾಯಸಕ್ಕೆ ಹಾಕುವ ಪ್ಯಾಕೆಟ್ಟು, ಅಷ್ಟೆ. ಮುಂಬಯಿಯಲ್ಲಿ ಒಂದು ತಿಂಡಿ ಮರೆತುಹೋಗುವುದು ನಾಲಿಗೆ ಬದಲಾಗಿದ್ದಕ್ಕಲ್ಲ, ಲಾಫ್ಟ್ ತುಂಬಿದ್ದಕ್ಕೆ.

ನಮ್ಮ ಕಟ್ಟಡದ ನಾಲ್ಕು ಮನೆಗಳಿಗೂ ಈಗ ಒಂದೇ ಒರಳು. ಸಾಗರದ ಕಡೆಯವರದ್ದು, ಮೂರನೇ ಮಹಡಿಯಲ್ಲಿರುತ್ತದೆ. ಬೇಕಾದವರು ಹಿಂದಿನ ದಿನ ಹೇಳಿ ತರಬೇಕು, ಲಿಫ್ಟು ಕೆಟ್ಟಿದ್ದರೆ ಇಬ್ಬರು ಹಿಡಿದು ಇಳಿಸಬೇಕು, ತೊಳೆದು ಒಣಗಿಸಿ ವಾಪಸು ಕೊಡಬೇಕು. ಹಿಟ್ಟು ತುಂಬಲು ಒಬ್ಬರು, ಹಿಡಿ ತಿರುಗಿಸಲು ಒಬ್ಬರು ಬೇಕೇ ಬೇಕಾದ್ದರಿಂದ, ತಂದವರ ಮನೆಯಲ್ಲಿ ಅವತ್ತು ಎರಡು ಮನೆಯ ಶ್ಯಾವಿಗೆ ಆಗುತ್ತದೆ. ನಿಮ್ಮ ಮಗಳಿರುವ ಕಟ್ಟಡದಲ್ಲಿ ಆಗಲೇ ಇಂಥದ್ದೊಂದು ಇದೆಯೋ ಎಂದು ಫೋನಿನಲ್ಲಿ ಕೇಳಿಕೊಂಡು ಆಮೇಲೆ ಗೋಣಿಚೀಲ ಕಟ್ಟಿ.