‘ಮಧುರೆಯ ಪಾದ’: ಎರಡು ಹೆಸರುಗಳ ವಿಮರ್ಶೆ

ರೋಗಗಳಿಗೆ ಊರಿನ ಹೆಸರಿಡುವ ರೂಢಿ ಹಳೆಯದು. ಅಂಥ ಹೆಸರು ಒಮ್ಮೆ ಗ್ರಂಥಸ್ಥವಾಯಿತೆಂದರೆ ಅದನ್ನು ಮತ್ತೆ ಪರೀಕ್ಷಿಸುವವರು ವಿರಳ. ವೈದ್ಯಗ್ರಂಥಗಳಲ್ಲಿ ‘ಮಧುರೆಯ ಪಾದ’ವೆಂದೂ ‘ಮೈಸಿಟೋಮ’ವೆಂದೂ ಪ್ರಸಿದ್ಧವಾದ ವ್ಯಾಧಿಯ ಹೆಸರುಗಳನ್ನು ಇಲ್ಲಿ ವಿಮರ್ಶಿಸಲು ಉದ್ದೇಶಿಸಿದ್ದೇವೆ. ವೈದ್ಯಶಾಸ್ತ್ರವು ನಮ್ಮ ಕ್ಷೇತ್ರವಲ್ಲ. ಆದರೆ ಸಾಕ್ಷ್ಯವನ್ನು ತೂಗಿನೋಡುವುದು ಇತಿಹಾಸದ ಅಧ್ಯಾಪಕರಾದ ನಮ್ಮ ಕೆಲಸವೇ ಸರಿ.

ಇದು ಬರಿಗಾಲಿನಲ್ಲಿ ಹೊಲಗೆಯ್ಯುವವರ ವ್ಯಾಧಿ. ಮುಳ್ಳು ಚುಚ್ಚಿದ ಗಾಯದ ಮೂಲಕ ಮಣ್ಣಿನ ಸೂಕ್ಷ್ಮಜೀವಿಗಳು ಪಾದವನ್ನು ಹೊಗುತ್ತವೆ. ವರ್ಷಗಟ್ಟಲೆ, ಹೆಚ್ಚು ನೋವಿಲ್ಲದೆ, ಬಾವು ಬೆಳೆಯುತ್ತದೆ. ರಂಧ್ರಗಳುಂಟಾಗಿ ಕೀವಿನೊಡನೆ ಸಣ್ಣ ಕಾಳುಗಳು ಹೊರಬೀಳುತ್ತವೆ. ಎಲುಬೂ ನಶಿಸಿದಾಗ ಕಾಲನ್ನೇ ಕತ್ತರಿಸಬೇಕಾದ ಪ್ರಸಂಗಗಳುಂಟು.

ಮೊದಲು ಊರಿನ ಹೆಸರು. 1842ರಲ್ಲಿ ಗಿಲ್ ಎಂಬ ವೈದ್ಯನು ಮಧುರೆಯಲ್ಲಿ ಇದನ್ನು ಕಂಡು ವರದಿಮಾಡಿದನು. 1846ರಲ್ಲಿ ಕೋಲ್‌ಬ್ರೂಕನು ಊರಿನ ಹೆಸರನ್ನೇ ರೋಗಕ್ಕೆ ಕೊಟ್ಟನು. ಆದರೆ ಅದೇ ದಶಕದಲ್ಲಿ ಬಳ್ಳಾರಿಯ ವೈದ್ಯ ಗಾಡ್‌ಫ್ರೆಯು ಇದೇ ಪಾದರೋಗದ ವಿವರಣೆಯನ್ನು ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದನು. ಬಳ್ಳಾರಿಯ ಎರೆಹೊಲಗಳನ್ನೂ ಜಾಲಿಯ ಮುಳ್ಳನ್ನೂ ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಹೆಸರು ಮಧುರೆಗೆ ಸಂದಿತು. ಬಳ್ಳಾರಿಯ ಸಾಕ್ಷ್ಯವು ಅಡಿಟಿಪ್ಪಣಿಯಾಯಿತು.

ಎರಡನೆಯ ಹೆಸರಿನ ದೋಷ ಇನ್ನೂ ಗಹನವಾದುದು. ಗ್ರೇಯ ಅಂಗರಚನಾ ಗ್ರಂಥಕ್ಕೆ ಚಿತ್ರ ಬರೆದ ವ್ಯಾಂಡೈಕ್ ಕಾರ್ಟರನು 1860ರಲ್ಲಿ ಮುಂಬಯಿಯಲ್ಲಿದ್ದಾಗ ‘ಮೈಸಿಟೋಮ’ವೆಂಬ ಹೆಸರನ್ನು ಸೂಚಿಸಿದನು. ‘ಶಿಲೀಂಧ್ರದ ಗಡ್ಡೆ’ ಎಂದು ಇದರ ಅರ್ಥ. ಅವನು ಕಳುಹಿಸಿದ ಮಾದರಿಗಳಲ್ಲಿ ಬೆಳೆದ ಕೆಂಪು ಬೂಷ್ಟಿಗೆ ಬರ್ಕ್ಲಿಯು ಕಾರ್ಟರನ ಹೆಸರನ್ನೇ ಇಟ್ಟನು. ಆದರೆ ಆ ಬೂಷ್ಟು ರೋಗದ ಕಾರಣವಲ್ಲವೆಂದು ಮುಂದೆ ತಿಳಿದುಬಂದಿತು. ಮೂಲಪಾಠದಲ್ಲಿ ಪ್ರಕ್ಷಿಪ್ತವನ್ನು ಕವಿಯ ಮಾತೆಂದು ತಿಳಿದಂತೆ ಇದಾಯಿತು. ಆದರೂ ಕಾರ್ಟರನಿಗೆ ಅನ್ಯಾಯವಾಗಬಾರದು. ಶಿಲೀಂಧ್ರವೂ ಈ ರೋಗಕ್ಕೆ ಕಾರಣವೆಂಬುದು ನಿಜವಾಯಿತು. ಕಪ್ಪು ಕಾಳು, ಬಿಳಿಚಿದ ಕಾಳು ಎಂಬ ಎರಡು ಬಗೆಗಳನ್ನೂ ಅವನು ಗುರುತಿಸಿದ್ದನು. 1913ರಲ್ಲಿ ಪಿನೋಯನು ಕಾರಣಗಳನ್ನು ಎರಡಾಗಿ ವಿಂಗಡಿಸಿದನು: ಒಂದು ನಿಜವಾದ ಶಿಲೀಂಧ್ರ, ಇನ್ನೊಂದು ಶಿಲೀಂಧ್ರದಂತೆ ಎಳೆಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯ.

‘ಗಡ್ಡೆ’ ಎಂಬ ಮಾತೂ ಪರೀಕ್ಷೆಗೆ ನಿಲ್ಲುವುದಿಲ್ಲ. ಅರ್ಬುದದಲ್ಲಿ ಜೀವಕೋಶಗಳು ದೇಹದ ಅಂಕೆಯನ್ನು ಮೀರಿ ತಾವೇ ವೃದ್ಧಿಯಾಗುತ್ತವೆ. ಇಲ್ಲಿಯಾದರೋ ದೇಹದ ರಕ್ಷಕ ಕೋಶಗಳು ಕಾಳನ್ನು ಮುತ್ತುತ್ತವೆ. ಅದನ್ನು ನಾಶಗೊಳಿಸಲಾರದೆ ಮತ್ತೆ ಮತ್ತೆ ಬಂದು ಸೇರುತ್ತವೆ. ಸುತ್ತಲೂ ನಾರಿನ ಅಂಗಾಂಶವು ಕಟ್ಟಿಕೊಳ್ಳುತ್ತದೆ. ಇದು ಬಂಡಾಯವಲ್ಲ, ಮುಗಿಯದ ಮುತ್ತಿಗೆ. ಇತರ ಕೆಲವು ಶಿಲೀಂಧ್ರ ರೋಗಗಳಲ್ಲಿ ಚರ್ಮದ ಮೇಲ್ಪದರವು ಅತಿಯಾಗಿ ಬೆಳೆದು, ಸೂಕ್ಷ್ಮದರ್ಶಕದಲ್ಲಿಯೂ ಅರ್ಬುದವೆಂಬ ಭ್ರಾಂತಿಯನ್ನು ಹುಟ್ಟಿಸುವುದುಂಟು. ಆದುದರಿಂದ ಶಿಲೀಂಧ್ರವು ಅಂಗಾಂಶದ ಅಸಹಜ ಬೆಳವಣಿಗೆಯನ್ನು ಪ್ರಚೋದಿಸುತ್ತದೆ ಎಂಬುದು ಸತ್ಯ. ಅಂಥ ಬೆಳವಣಿಗೆಯೆಲ್ಲವೂ ಅರ್ಬುದವೆಂಬುದು ಸತ್ಯವಲ್ಲ.

ಹೆಸರಿನ ಈ ಚರ್ಚೆ ಕೇವಲ ಪಂಡಿತರ ವಿನೋದವೆಂದು ವಾಚಕರು ಭಾವಿಸಬಾರದು. ಬ್ಯಾಕ್ಟೀರಿಯದ ಬಗೆಯು ಪ್ರತಿಜೈವಿಕಗಳಿಗೆ ಬಹುಮಟ್ಟಿಗೆ ಮಣಿಯುತ್ತದೆ. ಶಿಲೀಂಧ್ರದ ಬಗೆಗೆ ಬೇರೆ ಔಷಧ, ದೀರ್ಘಕಾಲದ ಉಪಚಾರ, ಅನೇಕ ವೇಳೆ ಶಸ್ತ್ರಚಿಕಿತ್ಸೆಯೂ ಬೇಕು. ಕಾಳನ್ನು ಪರೀಕ್ಷಿಸದೆ ಹೆಸರನ್ನೇ ನಂಬಿದರೆ ಉಳಿಯಬಹುದಾದ ಕಾಲು ಹೋದೀತು. ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಉಪೇಕ್ಷಿತ ವ್ಯಾಧಿಗಳ ಪಟ್ಟಿಗೆ ಸೇರಿಸಿದುದು 2016ರಲ್ಲಿ. ಗಾಡ್‌ಫ್ರೆಯ ಲೇಖನವಾಗಿ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ. ರೈತನ ಪಾದಕ್ಕೆ ಚರಿತ್ರೆಯಲ್ಲಿ ದೊರೆತ ಸ್ಥಾನ ಎಷ್ಟೆಂಬುದನ್ನು ಈ ಅಂತರವೇ ಹೇಳುತ್ತದೆ.

ರಾಜರಾಜೇಶ್ವರಿನಗರ, ಬೆಂಗಳೂರು