ಮೊದಲು ಮಕ್ಕಳ ಗುಡ್ಡೆ

ಭಾನುವಾರ ಬೆಳಗ್ಗೆ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ವ್ಯಾಪಾರ ಅಂಗಡಿ ಬಿಟ್ಟು ಬೀದಿಗೆ ಇಳಿದಿರುತ್ತದೆ. ಈ ಸಂಡೇ ಬಜಾರ್‌ನಲ್ಲಿ ಮನೆಮಂದಿಗೆಲ್ಲ ಹಳೇ ಬಟ್ಟೆ ಆರಿಸಲು ಹೊರಟವರಿಗೆ ನನ್ನದೊಂದು ಸಲಹೆ: ಮಕ್ಕಳ ಗುಡ್ಡೆಗೆ ಮೊದಲು ಕೈಹಾಕಿ, ಗಂಡಸರದ್ದನ್ನು ಕೊನೆಗಿಟ್ಟುಕೊಳ್ಳಿ.

ಮಕ್ಕಳ ಬಟ್ಟೆ ಸವೆಯುವ ಮೊದಲೇ ಗಿಡ್ಡವಾಗುತ್ತದೆ. ಒಂದು ಮದುವೆ, ಒಂದು ಹಬ್ಬ ಕಂಡ ಜರಿಲಂಗ ಹೊಸದರಂತೆಯೇ ಇರುತ್ತದೆ. ಗಂಡಸರೋ, ಕಾಲರ್ ಹರಿದರೂ ಷರ್ಟು ಬಿಡುವ ಜಾತಿಯಲ್ಲ. ಅವರ ಗುಡ್ಡೆಯಲ್ಲಿ ಗಟ್ಟಿ ಷರ್ಟು ಸಿಕ್ಕಿತೆಂದರೆ ಅದರ ಯಜಮಾನನಿಗೆ ಹೊಟ್ಟೆ ಬಂದಿರಬೇಕು! ಕಾಲರ್ ಮಡಿಕೆ, ಕಂಕುಳು, ಪ್ಯಾಂಟಿನ ಒಳತೊಡೆ ಈ ಮೂರನ್ನೂ ಬೆಳಕಿಗೆ ಹಿಡಿದು ನೋಡಿ. ನೂಲು ತೆಳುವಾಗಿದ್ದರೆ ದರ್ಜಿಯೂ ಏನೂ ಮಾಡಲಾರ. ಗುಂಡಿ ಹೋಗಿದ್ದರೆ ಚಿಂತೆಯಿಲ್ಲ. ಚೌಕಾಸಿಗೆ ಅದೇ ಆಧಾರ. ಆದರೆ ರೆಕ್ಸಿನ್ ಜಾಕೆಟ್ ಮುಟ್ಟಬೇಡಿ. ತೊಡದೆ ಇಟ್ಟಿದ್ದರೂ ವರ್ಷಗಳಲ್ಲಿ ಅದು ಸಿಪ್ಪೆ ಸುಲಿಯುತ್ತದೆ.

ನೋಡುವ ಕಣ್ಣಿಗೆ ನಿಜವಾದ ಪರೀಕ್ಷೆ ರೇಷ್ಮೆ ಸೀರೆ. ಅಂಚು ಹೊಳೆಯುತ್ತಿದೆ ಎಂದು ಮರುಳಾಗಬಾರದು. ಅಸಲಿ ಜರಿಯಲ್ಲಿ ರೇಷ್ಮೆ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಚಿನ್ನದ ಲೇಪ ಕೊಟ್ಟಿರುತ್ತಾರೆ. ಮೈಸೂರು ಸಿಲ್ಕ್ ತಯಾರಿಸುವ ಕೆಎಸ್ಐಸಿ ತನ್ನ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇದೆ ಎನ್ನುತ್ತದೆ. ಬೆಳ್ಳಿ ಎಂದಮೇಲೆ ಕಪ್ಪಾಗುವುದು ಸಹಜ. ಹಾಗಾಗಿ ಕಂದಿದ ಜರಿಯ ಸೀರೆಯನ್ನು ಪಕ್ಕಕ್ಕೆ ತಳ್ಳುವ ಮುನ್ನ ಅಂಚಿನ ಒಂದು ಎಳೆಯನ್ನು ಉಗುರಿನಿಂದ ಕೆರೆದು ನೋಡಿ: ತಾಮ್ರದ ಕೆಂಪು ಇಣುಕಿದರೆ ನಕಲಿ. ಹಳೇ ಜರಿ ಸೀರೆಗೆ ಹಣ ಕೊಡುವವರು ಊರೂರಲ್ಲಿದ್ದಾರೆ, ಕೊಳ್ಳುವುದು ಉಡಲಿಕ್ಕಲ್ಲ, ಕರಗಿಸಿ ಬೆಳ್ಳಿ ತೆಗೆಯಲಿಕ್ಕೆ. ಎಂಥ ನೇಯ್ಗೆಗಳು ಹಾಗೆ ಕುಲುಮೆ ಸೇರಿವೆಯೋ! ಜರಿಗಿಂತ ನನಗೆ ಭಯ ಮಡಿಕೆಯದು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಬೀರುವಿನಲ್ಲಿದ್ದ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ಪೂರ್ತಿ ಬಿಡಿಸಿ ತೋರಿಸದ ಸೀರೆಗೆ ಬೆಲೆ ಕೇಳಲೂ ಬೇಡಿ.

ಈ ಮಾಲಿನಲ್ಲಿ ಎಷ್ಟೋ ಪಾಲು ನಮ್ಮ ಬಾಗಿಲಿನಿಂದಲೇ ಹೋದದ್ದು. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ನಮಗಿಂತ ಚೆನ್ನಾಗಿ ಬಟ್ಟೆ ಬಲ್ಲರು. ನಾಲ್ಕು ಸೀರೆ ಕೊಟ್ಟು ಒಂದು ಡಬರಿ ಪಡೆದವರಿಗೆ ಇದು ಗೊತ್ತು. ದೆಹಲಿಯ ರಘುಬೀರ್ ನಗರದಲ್ಲಿ ಗುಜರಾತ್ ಮೂಲದ ವಾಘ್ರಿ ಸಮುದಾಯದವರು ಹೀಗೆ ಕೂಡಿಸಿದ ಬಟ್ಟೆಯನ್ನು ನಸುಕಿನ ಸಂತೆಯಲ್ಲಿ ಮಾರುತ್ತಾರೆ. ವಿದೇಶದಿಂದ ಬಂದು ಚಿಂದಿಯಾದ ಉಣ್ಣೆಬಟ್ಟೆ ಪಾಣಿಪತ್‌ನ ಗಿರಣಿಗಳಲ್ಲಿ ಬಣ್ಣಬಣ್ಣಕ್ಕೆ ವಿಂಗಡಣೆಯಾಗಿ, ಮತ್ತೆ ನೂಲಾಗಿ, ಕಂಬಳಿಯಾಗುತ್ತದೆ.

‘ಯಾರೋ ಉಟ್ಟದ್ದು ನಮಗ್ಯಾಕೆ?’ ಎಂದು ಮನೆಯಲ್ಲಿ ಅಜ್ಜಿ ಮುಖ ಸಿಂಡರಿಸಬಹುದು. ಹುಟ್ಟಿದ ಕೂಸನ್ನು ಹಳೇ ಹತ್ತಿ ಸೀರೆಯಲ್ಲೇ ಸುತ್ತಬೇಕೆಂದು ಹಟ ಹಿಡಿದವರೂ ಅವರೇ. ‘ಅದು ಮನೆಯ ಬಟ್ಟೆ’ ಎನ್ನುತ್ತಾರೆ, ಒಪ್ಪೋಣ. ಹತ್ತಿಯದನ್ನು ಸೋಪಿನ ನೀರಲ್ಲಿ ಕುದಿಸಿ ಬಿಸಿಲಿಗೆ ಹಾಕಿ, ರೇಷ್ಮೆ ಉಣ್ಣೆಗಳನ್ನು ಡ್ರೈಕ್ಲೀನ್‌ಗೆ ಕೊಡಿ. ಆ ಖರ್ಚನ್ನೂ ಕೊಳ್ಳುವಾಗಲೇ ಬೆಲೆಗೆ ಸೇರಿಸಿಕೊಳ್ಳಿ.