ದಾರುಮಾದರಿಯ ಚಿತ್ರಗಳು: ಒಂದು ವಿವೇಚನೆ

ಕಟ್ಟಡವನ್ನು ಕಟ್ಟುವುದಕ್ಕೆ ಮುಂಚೆ ಅದರ ಕಿರಿಯ ಮಾದರಿಯೊಂದನ್ನು ಮರದಲ್ಲಿ ಮಾಡಿ ಪರೀಕ್ಷಿಸುವ ಪದ್ಧತಿಯು ಬಹಳ ಹಳೆಯದು. ಇತ್ತೀಚಿನ ವರ್ಷಗಳಲ್ಲಿ ಈ ಮಾದರಿಗೊಂದು ವಿಚಿತ್ರವಾದ ಛಾಯೆಯು ಹುಟ್ಟಿಕೊಂಡಿದೆ. ಗಣಕಯಂತ್ರದಲ್ಲಿ ರಚಿಸಿದ ಕಟ್ಟಡದ ಆಕೃತಿಗೆ ಕಲ್ಲಿನ ಮೈಯನ್ನಾಗಲಿ ಸುಣ್ಣದ ಬಣ್ಣವನ್ನಾಗಲಿ ತೊಡಿಸದೆ, ತೆಳುಹಲಗೆಯ ವರ್ಣವನ್ನೂ ನಾರಿನ ಗೆರೆಗಳನ್ನೂ ತೊಡಿಸಿ, ಮೇಜಿನ ಮೇಲಿಟ್ಟ ಕೈಗೆಲಸದ ಮಾದರಿಯೊಂದನ್ನು ಯಾರೋ ಹತ್ತಿರದಿಂದ ಛಾಯಾಚಿತ್ರ ತೆಗೆದರೋ ಎಂಬಂತೆ ತೋರಿಸುವ ಚಿತ್ರವದು. ಅಲ್ಲಿ ಮರವಿಲ್ಲ, ಉಳಿಯಿಲ್ಲ, ಮೇಜೂ ಇಲ್ಲ. ವಾಸ್ತುವಿದ್ಯೆಯನ್ನು ಕಲಿಸುವ ಮಣಿಪಾಲದಂಥ ಊರಿಗೆ ಇದು ಅಪರಿಚಿತವಾದ ವಿದ್ಯೆಯಲ್ಲ. ಊರೂರಿನಲ್ಲಿಯೂ ದೇವಸ್ಥಾನಗಳ ಜೀರ್ಣೋದ್ಧಾರ ನಡೆಯುತ್ತಿರುವ ಈ ಜಿಲ್ಲೆಯಲ್ಲಿ, ಹಳೆಯದನ್ನು ಇಳಿಸಿ ಹೊಸದನ್ನು ಏರಿಸುವ ನಿರ್ಧಾರವು ಹಲವು ವೇಳೆ ಚಿತ್ರವೊಂದನ್ನು ಮುಂದಿಟ್ಟುಕೊಂಡೇ ಆಗುವುದರಿಂದ, ಚಿತ್ರದ ಸತ್ಯಾಸತ್ಯವನ್ನು ವಿಚಾರಿಸುವುದು ಕೇವಲ ರಸಿಕರ ವಿನೋದವಾಗಲಾರದು.

ಈ ವಿಧಾನದಲ್ಲಿ ಒಂದು ಗುಣವುಂಟೆಂಬುದನ್ನು ಮೊದಲು ಒಪ್ಪಲೇಬೇಕು. ಇಂದಿನ ಸಾಮಾನ್ಯ ಗಣಕಚಿತ್ರದಲ್ಲಿ ಇನ್ನೂ ಅಡಿಪಾಯವನ್ನೇ ಕಾಣದ ಕಟ್ಟಡದ ಮುಂದೆ ಸಂಜೆಯ ಬಿಸಿಲು ಬಿದ್ದಿರುತ್ತದೆ; ಹುಲ್ಲು ಹಸಿರಾಗಿರುತ್ತದೆ; ಎಲ್ಲಿಗೂ ಹೋಗದ ಜನರು ನಡೆದಾಡುತ್ತಿರುತ್ತಾರೆ. ಅದು ಆಗದುದನ್ನು ಆಗಿದೆಯೆಂದು ಹೇಳುತ್ತದೆ. ಮರದ ಮಾದರಿಯಂತಿರುವ ಚಿತ್ರವಾದರೋ, ಇದಿನ್ನೂ ಆಲೋಚನೆ ಮಾತ್ರ ಎಂದು ಒಪ್ಪಿಕೊಂಡು ನಿಲ್ಲುತ್ತದೆ. 15ನೆಯ ಶತಮಾನದ ಇಟಲಿಯ ಆಲ್ಬೆರ್ಟಿಯು ತನ್ನ ವಾಸ್ತುಗ್ರಂಥದಲ್ಲಿ, ಬಣ್ಣ ಬಳಿದು ಶೃಂಗರಿಸಿದ ಮಾದರಿಯು ನೋಡುವವರ ಕಣ್ಣನ್ನು ಮರುಳುಗೊಳಿಸಿ, ಅಂಗಾಂಗಗಳ ಪರೀಕ್ಷೆಯಿಂದ ಅವರನ್ನು ದೂರಕ್ಕೆ ಸೆಳೆಯುವುದೆಂದೂ, ಮಾದರಿಯು ಸರಳವಾಗಿಯೇ ಇರತಕ್ಕುದೆಂದೂ ಎಚ್ಚರಿಸಿದ್ದನು. ಅಷ್ಟರಮಟ್ಟಿಗೆ ಈ ಹೊಸ ಚಿತ್ರಕಾರರು ಹಳೆಯ ವಿವೇಕಕ್ಕೆ ಮರಳಿದ್ದಾರೆ.

ಆದರೆ ನಿಜವಾದ ಮಾದರಿಯು ಮಾಡುವ ಕೆಲಸವೇ ಬೇರೆ. ಲಂಡನ್ನಿನ ಸೇಂಟ್ ಪಾಲ್ ದೇವಾಲಯಕ್ಕಾಗಿ ಕ್ರಿಸ್ಟೋಫರ್ ರೆನ್ನನು 1673-74ರಲ್ಲಿ ಓಕ್ ಮರದಲ್ಲಿ ಮಾಡಿಸಿದ ಮಹಾಮಾದರಿಯು 13 ಅಡಿಗೂ ಮಿಕ್ಕಿ ಎತ್ತರವಾಗಿದ್ದಿತು. ಧರ್ಮಾಧಿಕಾರಿಗಳು ಅದನ್ನು ಒಪ್ಪಲಿಲ್ಲ. ಮುಂದೆ ಸಾರ್ವಜನಿಕವಾಗಿ ಮಾದರಿಗಳನ್ನು ತೋರಿಸುವುದೇ ಬೇಡವೆಂದು ರೆನ್ನನು ನಿಶ್ಚಯಿಸಿದನಂತೆ. ತಿರಸ್ಕೃತವಾದ ಆ ಮಾದರಿಯು ಇಂದಿಗೂ ಅದೇ ದೇವಾಲಯದಲ್ಲಿ ಉಳಿದಿದೆ. ಅದು ತಿರಸ್ಕಾರಕ್ಕೆ ಪಾತ್ರವಾಗಬಲ್ಲುದಾಗಿದ್ದುದೇ ಅದರ ಯೋಗ್ಯತೆ: ಸುತ್ತ ನಡೆದು ನೋಡಬಹುದಾಗಿತ್ತು, ಇದು ಬೇಡವೆನ್ನಬಹುದಾಗಿತ್ತು. ಚಿತ್ರವಾದರೆ ಚಿತ್ರಕಾರನು ಆಯ್ದ ಒಂದೇ ಕೋನದಿಂದ, ಆಯ್ದ ಬೆಳಕಿನಲ್ಲಿ ಮುಖ ತೋರಿಸಿ ಸುಮ್ಮನಾಗುತ್ತದೆ.

ಇನ್ನು ಕೈಗೆಲಸವೆಂಬ ವೇಷದ ವಿಷಯ. ನೂರಕ್ಕೆ ಒಂದರ ಪ್ರಮಾಣದ ಮಾದರಿಯಲ್ಲಿ 3 ಮೀಟರಿನ ಗೋಡೆಯು 3 ಸೆಂಟಿಮೀಟರಿಗೆ ಇಳಿಯುತ್ತದೆ. ಆದರೆ ಮರದ ನಾರು ಮಾತ್ರ ಕುಗ್ಗುವುದಿಲ್ಲ. ಎರಡು ಗೆರೆಗಳ ನಡುವೆ 2 ಮಿಲಿಮೀಟರು ಅಂತರವಿದ್ದರೆ ಆ ಅಂತರವು ಕಟ್ಟಡದ ಅಳತೆಯಲ್ಲಿ 20 ಸೆಂಟಿಮೀಟರಾಗಿ ಕಾಣುತ್ತದೆ. ಈ ಅಸಮಂಜಸತೆಯಿಂದಲೇ ನೋಡುವವನಿಗೆ ಇದು ಚಿಕ್ಕ ವಸ್ತುವೆಂಬುದು ತಿಳಿಯುವುದು. ನಾರನ್ನು ಸಣ್ಣದಾಗಿಸಿದ ಚಿತ್ರಕಾರನು, ತಾನರಿಯದೆಯೇ, ಮಾದರಿಯನ್ನು ಬಿಟ್ಟು ನಿಜವಾದ ಮರದ ಮನೆಯನ್ನೇ ಬರೆದಿರುತ್ತಾನೆ. ಇನ್ನೂ ದೊಡ್ಡ ತಪ್ಪೆಂದರೆ ನಾರಿನ ದಿಕ್ಕು. ಹಲಗೆಯನ್ನು ಉದ್ದಕ್ಕೆ ಸೀಳುವವನಿಗೆ ನಾರು ಕಂಬದಲ್ಲಿ ಮೇಲಕ್ಕೂ ತೊಲೆಯಲ್ಲಿ ಅಡ್ಡಕ್ಕೂ ಓಡಬೇಕೆಂಬುದನ್ನು ಹೇಳಿಕೊಡಬೇಕಾಗಿಲ್ಲ. ತುದಿಯನ್ನು ಕೊಯ್ದಲ್ಲಿ ಗೆರೆ ಹೋಗಿ ಉಂಗುರ ಕಾಣಬೇಕು. ಹಲವು ಚಿತ್ರಗಳಲ್ಲಿ ಒಂದೇ ಗೆರೆ ಗೋಡೆಯ ಮೂಲೆಯನ್ನು ಸುತ್ತಿ, ಕಿಟಕಿಯನ್ನು ದಾಟಿ, ಮಾಡಿನ ಮೇಲೂ ಏರುವುದುಂಟು. ಕಾರ್ಕಳದ ಯಾವ ಆಚಾರಿಯ ಮುಂದಿಟ್ಟರೂ ಆತನು ಒಮ್ಮೆ ನೋಡಿ ನಕ್ಕಾನು.

ಈ ದೋಷವನ್ನು ತಿದ್ದಬಹುದು. ನಿಪುಣರು ತಿದ್ದಿಯೂ ಇದ್ದಾರೆ. ತಿದ್ದಲಾಗದುದು ಬೇರೊಂದು. ಅಂಟಿನ ಕಲೆ, ತುಸು ಸೊಟ್ಟಗಾದ ಅಂಚು, ಸರಿಯಾಗಿ ಕೂಡದ ಸಂದು ಇವನ್ನು ಚಿತ್ರದಲ್ಲಿ ಯದೃಚ್ಛೆಯಿಂದ ಚೆಲ್ಲಲಾಗುತ್ತದೆ. ಮನುಷ್ಯನ ಕೈ ಹಾಗೆ ತಪ್ಪುವುದಿಲ್ಲ. ಗಂಟು ಅಡ್ಡ ಬಂದಲ್ಲಿ ಉಳಿ ಜಾರುತ್ತದೆ; ಹತ್ತಾರು ಕಂಬಗಳನ್ನು ಕೊರೆದ ಮೇಲೆ ಕೈ ಸೋಲುತ್ತದೆ; ಮುಂದಿನ ಮುಖದಲ್ಲಿ ತೋರಿದ ಜಾಗ್ರತೆ ಹಿಂದಿನ ಗೋಡೆಯಲ್ಲಿ ಇರುವುದಿಲ್ಲ. ಕೈಯ ತಪ್ಪಿಗೊಂದು ಕಾರಣವುಂಟು. ಎಲ್ಲೆಡೆಯೂ ಸಮನಾಗಿ ಹಂಚಿದ ತಪ್ಪಿಗೆ ಕಾರಣವಿಲ್ಲ. ಅದು ಶ್ರಮಪಡದವನು ಹಣೆಗೆ ಚಿಮುಕಿಸಿಕೊಂಡ ಬೆವರು.

ಒಂದು ವಸ್ತುವು ಇನ್ನೊಂದರ ರೂಪವನ್ನು ಧರಿಸುವುದೇ ತಪ್ಪೆಂದು ಇದರಿಂದ ತಿಳಿಯಬಾರದು. ಹಾಗೆಂದವನು ಕಾರ್ಕಳದಿಂದ ಸ್ವಲ್ಪ ದೂರದ ಮೂಡಬಿದಿರೆಗೆ ಹೋಗಿ, 1430ರ ತ್ರಿಭುವನತಿಲಕ ಚೂಡಾಮಣಿ ಬಸದಿಯ ಮುಂದೆ ನಿಲ್ಲಬೇಕು. ಅಲ್ಲಿಯ ಕಲ್ಲಿನ ಕಂಬಗಳು ದಿಮ್ಮಿಯ ಮೂಲೆಗಳನ್ನು ಬಾಚಿಯಿಂದ ತರಿದಂತಿವೆ. ಜಗಲಿಯ ಮೇಲಣ ಮಾಡು ಮರದ ಮಾಡಿನ ಇಳಿಜಾರನ್ನೇ ಹೋಲುತ್ತದೆ. ಮೂಡಬಿದಿರೆಯ ಬಸದಿಗಳ ಈ ಶೈಲಿಯು ಮರದ ಮೂಲದಿಂದ ಬಂದುದೆಂದು ಫರ್ಗುಸನ್ನನು 1876ರಲ್ಲಿಯೇ ಬರೆದು, ನೇಪಾಳದ ಕಟ್ಟಡಗಳೊಡನೆ ಹೋಲಿಸಿದನು. ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಆಷಾಢದ ಒಂದು ಮಧ್ಯಾಹ್ನ ತುಳುನಾಡಿನ ಯಾವುದಾದರೊಂದು ಮನೆಯ ಜಗಲಿಯಲ್ಲಿ ಕುಳಿತಿದ್ದರೆ ಸಾಕಾಗುತ್ತಿತ್ತು. ವರ್ಷಕ್ಕೆ 4000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿನಲ್ಲಿ ಬಡಗಿಯು ಕಲಿತ ಪಾಠವನ್ನೇ ಕಲ್ಲುಕುಟಿಗನು ಕಲ್ಲಿನಲ್ಲಿ ಬರೆದನು. ಈ ಬಸದಿಯನ್ನು ಗಣಕಚಿತ್ರದಲ್ಲಿ ಮರವಾಗಿ ತೋರಿಸಿದರೆ ಅದು ವೇಷವೆನಿಸದೆ ವ್ಯಾಖ್ಯಾನವೇ ಆದೀತು. ಕಲ್ಲು ಎಲ್ಲಿಂದ ಸಾಲ ತಂದಿತೋ ಅಲ್ಲಿಗೆ ಮರಳಿಸಿದಂತಾದೀತು. ಉಡುಪಿಯಲ್ಲಿ ಎರಡು ವರ್ಷಗಳಿಗೊಮ್ಮೆ ಬರುವ ಪರ್ಯಾಯಕ್ಕೆ ಮುನ್ನ, ಕಟ್ಟಿಗೆ ಮುಹೂರ್ತವಾದ ಮೇಲೆ, ಸೌದೆಯನ್ನು ಒಟ್ಟಿ ರಥದ ಆಕಾರಕ್ಕೆ ತರುವುದನ್ನೂ ಇಲ್ಲಿ ನೆನೆಯಬಹುದು. ದೂರಕ್ಕೆ ರಥ, ಹತ್ತಿರಕ್ಕೆ ಸೌದೆ, ಯಾರೂ ಮೋಸಹೋಗುವುದಿಲ್ಲ.

ಅದೇ ವಿಧಾನವನ್ನು ಕಾರ್ಕಳದ ಚತುರ್ಮುಖ ಬಸದಿಗೆ ಅನ್ವಯಿಸಿದರೆ ಫಲವು ವಿಪರೀತವಾದೀತು. 1586ರಲ್ಲಿ ಇಮ್ಮಡಿ ಭೈರರಸನು ಕಟ್ಟಿಸಿದ ಈ ಬಸದಿಗೆ ನಾಲ್ಕು ದಿಕ್ಕಿಗೂ ಒಂದೇ ತೆರನಾದ ಬಾಗಿಲು. ಪ್ರತಿದಿಕ್ಕಿಗೂ ಮೂವರು ತೀರ್ಥಂಕರರು. ಈ ಸಮತೆಯು ಮರದ ಮಾದರಿಯಲ್ಲಿ ಸೊಗಸಾಗಿಯೇ ಕಂಡೀತು. ಆದರೆ ಆ ಬಂಡೆಯ ಮೇಲೆ, 1432ರ ಗೊಮ್ಮಟನಿಗೆ ಇದಿರಾಗಿ, ಬಸದಿಯು ನಿಂತಿರುವುದು ತನ್ನ ಭಾರದಿಂದ. ಕೆಳಗೂ ಕಲ್ಲು, ಮೇಲೂ ಕಲ್ಲು. ಮಾಡಿನ ಹಾಸುಗಲ್ಲುಗಳ ಕೆಳಗೆ ನಿಂತವನಿಗೆ ಆ ತೂಕದ ಅರಿವಾಗದೆ ಇರದು. ಅದನ್ನು ಬಾಲ್ಸಾ ಹಲಗೆಯ ಹಗುರಕ್ಕೆ ಇಳಿಸುವುದೆಂದರೆ ಕಟ್ಟಡದ ಅರ್ಥವನ್ನೇ ಕಳೆದಂತೆ. ಕಾಪುವಿನ ಹೊಸ ಮಾರಿಗುಡಿಯ ವಿಷಯದಲ್ಲಿ ನಷ್ಟವು ಬಣ್ಣದ್ದು. ಇಳಕಲ್ಲಿನ ಕೆಂಪು ಶಿಲೆಯಲ್ಲಿ ಪುನರ್ನಿರ್ಮಾಣಗೊಂಡು 2025ರಲ್ಲಿ ಬ್ರಹ್ಮಕಲಶೋತ್ಸವವನ್ನು ಕಂಡ ಆ ಗುಡಿಯಿಂದ ಕೆಂಪನ್ನು ತೆಗೆದರೆ ಉಳಿಯುವುದು ರೇಖಾಗಣಿತ.

ಎಲ್ಲಕ್ಕಿಂತ ಸೂಕ್ಷ್ಮವಾದ ಪ್ರಶ್ನೆಯು ನಿಜವಾಗಿಯೇ ಮರದಿಂದಾದ ಮನೆಗಳದು. ಮಣಿಪಾಲದ ಹಸ್ತಶಿಲ್ಪ ಗ್ರಾಮದಲ್ಲಿ ದಿವಂಗತ ವಿಜಯನಾಥ ಶೆಣೈಯವರು, ನಾಶಕ್ಕೆ ಗುರಿಯಾಗಿದ್ದ ಹಳೆಯ ಮನೆಗಳನ್ನು ಭಾಗಭಾಗವಾಗಿ ಬಿಚ್ಚಿಸಿ ತಂದು ಮತ್ತೆ ನಿಲ್ಲಿಸಿದರು. ಮಿಯಾರಿನ ಮನೆ, ಕುಂಜೂರಿನ ಚೌಕಿಮನೆ ಇವು ಅವುಗಳಲ್ಲಿ ಸೇರಿವೆ. ಬಿಚ್ಚಿ ಕಟ್ಟಬಲ್ಲ ಮನೆಯೆಂದರೆ ತಾನೇ ಒಂದು ದೊಡ್ಡ ಮಾದರಿ. ಇಂಥ ಮನೆಯನ್ನು ಗಣಕಚಿತ್ರದಲ್ಲಿ ಮರದ ಮಾದರಿಯಾಗಿಸುವುದು ಸುಲಭವೆಂದು ತೋರಬಹುದು; ಕಷ್ಟವಿರುವುದು ಅಲ್ಲಿಯೇ. ತುಳುನಾಡಿನ ಮನೆಯಲ್ಲಿ ಹೊರೆ ಹೊರುವ ಕಂಬ, ತೊಲೆ, ಪಕ್ಕಾಸುಗಳು ಮರ, ಗೋಡೆ ಮಣ್ಣು ಅಥವಾ ಮುರಕಲ್ಲು, ಮೇಲೆ ಹಂಚು. ಎಲ್ಲವೂ ಒಂದೇ ಹಲಗೆಯ ಬಣ್ಣವಾದಾಗ, ಯಾವುದು ಹೊರುತ್ತದೆ, ಯಾವುದು ಮರೆ ಮಾತ್ರ ಮಾಡುತ್ತದೆ ಎಂಬುದು ಅಳಿಸಿಹೋಗುತ್ತದೆ. ಮರವನ್ನು ಮೆಚ್ಚಿ ಬರೆದ ಚಿತ್ರದಲ್ಲಿ ಮರದ ಕೆಲಸವೇ ಕಾಣದಂತಾಗುತ್ತದೆ. ಚಿತ್ರಕಾರನು ಕಂಬ ತೊಲೆಗಳಿಗೆ ಒಂದು ಮರವನ್ನೂ ಗೋಡೆಗೆ ಮಾಸಿದ ಬಿಳಿ ರಟ್ಟನ್ನೂ ಕೊಟ್ಟು, ಮಾಡಿನ ಒಂದು ಪಾರ್ಶ್ವವನ್ನು ಎತ್ತಿಟ್ಟು ಒಳಗನ್ನು ತೋರಿಸಿದ್ದರೆ, ಅದು ಮಾದರಿಗೆ ಸಲ್ಲುವ ನಿಜವಾದ ಗೌರವವಾಗುತ್ತಿತ್ತು.

ಜೀರ್ಣೋದ್ಧಾರದ ಸಭೆಯಲ್ಲಿ ಇಂಥ ಚಿತ್ರವು ಮುಂದೆ ಬಂದಾಗ ಅಪಾಯವಿರುವುದೂ ಈ ಒಂದೇ ಬಣ್ಣದಿಂದಲೇ. ಹಲಗೆಯ ಮೈಯೊಳಗೆ ಕಾಂಕ್ರೀಟೂ ಅಡಗಬಹುದು, ಶಿಲೆಯೂ ಅಡಗಬಹುದು. ಕಳಚಲಿರುವ ಹಳೆಯ ಗುಡಿಯ ಹಲಸಿನ ಮುಚ್ಚಿಗೆಯೂ ಬರಲಿರುವ ಹೊಸ ಚಪ್ಪಡಿಯೂ ಅಲ್ಲಿ ಒಂದೇ ಜಾತಿಯ ಮರವಾಗಿ, ಒಂದೇ ದೀಪದ ಕೆಳಗೆ, ಸೌಮ್ಯವಾಗಿ ಹೊಳೆಯುತ್ತವೆ. ಸೂರು ಎಷ್ಟು ಅಡಿ ಮುಂಚಾಚಿದೆ, ಅದರಿಂದಿಳಿದ ನೀರು ಎಲ್ಲಿ ಬೀಳುತ್ತದೆ, ಹಳೆಯ ಮುಚ್ಚಿಗೆಯ ಹಲಗೆಗಳನ್ನು ಎಲ್ಲಿಡುತ್ತೀರಿ ಎಂದು ಊರಿನ ಹಿರಿಯರೊಬ್ಬರು ಎದ್ದು ಕೇಳಿದರೆ, ಉತ್ತರಕ್ಕಾಗಿ ಎಂಜಿನಿಯರರ ನಕ್ಷೆಯನ್ನೇ ಬಿಚ್ಚಬೇಕಾಗುತ್ತದೆ.